ಓದುಗರ ಪ್ರಶ್ನೆಗೆ ಉತ್ತರ: ಯೋಗದ ಚಾಪೆ, ಸೊಂಟದ ಸುತ್ತಿನ ಬಳೆ

ನಲವತ್ತು ದಾಟಿದ ಮೇಲೆ ಮೊದಲ ಬಾರಿಗೆ ಯೋಗದ ತರಗತಿಗೆ ಹೋದವರು ತಮ್ಮ ಅನುಭವವನ್ನು ಬರೆದು ಕಳುಹಿಸಬೇಕೆಂದು ಎರಡು ಸಂಚಿಕೆಗಳ ಹಿಂದೆ ಕೇಳಿಕೊಂಡಿದ್ದೆ. ಬಂದ ಪತ್ರಗಳಲ್ಲಿ ಯೋಗದ ಬೆನ್ನಿಗೇ ಹೂಲಾ ಹೂಪಿನ, ಎಂದರೆ ಸೊಂಟದ ಸುತ್ತ ತಿರುಗಿಸುವ ದೊಡ್ಡ ಬಳೆಯ, ಪ್ರಸ್ತಾಪ ಇಷ್ಟು ಸಲ ಬರುತ್ತದೆಂದು ನಾನು ಎಣಿಸಿರಲಿಲ್ಲ. ಬೆಳಗಾವಿಯಲ್ಲಿ ಹನ್ನೆರಡು ವರ್ಷಗಳಿಂದ ಯೋಗ ಕಲಿಸುತ್ತಿರುವ ನಾನು ಹೂಪನ್ನು ಕೈಗೆತ್ತಿಕೊಂಡದ್ದು 46ನೆಯ ವಯಸ್ಸಿನಲ್ಲಿ. ಹಾಗಾಗಿ ಒಂದರಲ್ಲಿ ಕಲಿಸುವವಳಾಗಿ, ಇನ್ನೊಂದರಲ್ಲಿ ಇನ್ನೂ ಕಲಿಯುತ್ತಿರುವವಳಾಗಿ ಈ ಐದು ಪತ್ರಗಳಿಗೆ ಉತ್ತರಿಸಿದ್ದೇನೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಬೇಕಾಯಿತು, ಏಕೆಂದರೆ ಅದರಲ್ಲಿರುವ ನೋವು ಬಹಳ ಮಂದಿಯದು.

ಪ್ರಶ್ನೆ: ನನಗೆ 44 ವರ್ಷ, ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನಾಲ್ಕು ತಿಂಗಳ ಹಿಂದೆ ನಮ್ಮ ಬಡಾವಣೆಯ ಬೆಳಗಿನ ಯೋಗ ತರಗತಿಗೆ ಸೇರಿದೆ. ಮೂವತ್ತು ಜನರಿದ್ದರು. ಮೊದಲ ವಾರದಲ್ಲಿಯೇ ಹನ್ನೆರಡು ಸೂರ್ಯನಮಸ್ಕಾರ ಮಾಡಿಸಿದರು, ಮಣಿಕಟ್ಟು ನೋಯತೊಡಗಿತು. ಮೂರನೆಯ ವಾರ ಪಶ್ಚಿಮೋತ್ತಾನಾಸನದಲ್ಲಿ ನನ್ನ ತಲೆ ಮೊಣಕಾಲಿಗೆ ತಾಗಲಿಲ್ಲವೆಂದು ಗುರುಗಳು ಬೆನ್ನ ಮೇಲೆ ಎರಡೂ ಕೈ ಇಟ್ಟು ಒತ್ತಿದರು. ಬಲ ಪೃಷ್ಠದ ಕೆಳಗೆ ಏನೋ ಚಳಕ್ ಎಂದಂತಾಯಿತು. ಇಂದಿಗೂ ಶಾಲೆಯ ಕುರ್ಚಿಯಲ್ಲಿ ಬಹಳ ಹೊತ್ತು ಕೂತರೆ ಅಲ್ಲಿಯೇ ನೋವು. ತರಗತಿ ಬಿಟ್ಟೆ. ಈಗ ಮಗಳ ಹೂಪನ್ನು ತೆಗೆದುಕೊಂಡು ಮನೆಯಲ್ಲಿ ಪ್ರಯತ್ನಿಸುತ್ತಿದ್ದೇನೆ, ಒಂದು ಸುತ್ತು ಬರುವುದರೊಳಗೆ ನೆಲಕ್ಕೆ ಬೀಳುತ್ತದೆ. ನನ್ನ ಮೈ ಮೊದಲಿನಿಂದಲೂ ಬಿಗಿ, ಸೊಂಟವೂ ದಪ್ಪ. ನಾನು ಎರಡಕ್ಕೂ ತಕ್ಕವಳಲ್ಲವೇ?
– ಶಿಕ್ಷಕಿ, ನವನಗರ, ಬಾಗಲಕೋಟೆ

ಉತ್ತರ: ಮೊದಲು ನೋವಿನ ಮಾತು. ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗಿದಾಗ ತೊಡೆಯ ಹಿಂಬದಿಯ ಸ್ನಾಯುಗಳು ಮೊಣಕಾಲಿನ ಕೆಳಗಿನಿಂದ ನಾವು ಕೂರುವ ಎಲುಬಿನವರೆಗೆ ಹುರಿಹಗ್ಗದಂತೆ ಬಿಗಿಯುತ್ತವೆ. ಆ ಹೊತ್ತಿನಲ್ಲಿ ಮೇಲಿನಿಂದ ಇನ್ನೊಬ್ಬರ ಭಾರ ಬಿದ್ದರೆ, ಸ್ನಾಯು ಎಲುಬಿಗೆ ಅಂಟಿಕೊಂಡಿರುವ ಆ ಒಂದು ಬೆರಳಗಲದ ಜಾಗದಲ್ಲಿ ಪೆಟ್ಟಾಗುತ್ತದೆ. ಅಲ್ಲಿ ರಕ್ತದ ಓಡಾಟ ಕಡಿಮೆ, ಆದ್ದರಿಂದ ಅದು ಮಾಯಲು ತಿಂಗಳುಗಳೇ ಹಿಡಿಯಬಹುದು. ಕೂತಾಗ ಕೂರುವ ಎಲುಬಿನಲ್ಲಿಯೇ ನೋವು ಎಂದು ನೀವು ಬರೆದಿರುವುದರಿಂದ ನನಗೆ ಇದೇ ಶಂಕೆ. ಮೂಳೆತಜ್ಞರಿಗೋ ಫಿಸಿಯೋಥೆರಪಿ ತಿಳಿದವರಿಗೋ ಒಮ್ಮೆ ತೋರಿಸಿ, ಅಲ್ಲಿಯವರೆಗೆ ಆ ಕಾಲನ್ನು ಚಾಚಿ ಎಳೆಯಬೇಡಿ. ಎಳೆದರೆ ಸಡಿಲಾಗುತ್ತದೆ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಈ ನೋವಿಗೆ ಮಾತ್ರ ಎಳೆತವೇ ಶತ್ರು.

ಇನ್ನು ಒತ್ತಿದವರ ವಿಚಾರ. ನಾನೂ ಕಲಿಸತೊಡಗಿದ ಮೊದಲ ವರ್ಷಗಳಲ್ಲಿ ಹೀಗೆಯೇ ಬೆನ್ನ ಮೇಲೆ ಕೈಯಿಟ್ಟು ಒತ್ತಿದ್ದೇನೆ, ನನಗೂ ನನ್ನ ಗುರುಗಳು ಹಾಗೆಯೇ ಒತ್ತಿದ್ದರು. ಒಂದು ದಿನ ಶಹಾಪುರದಿಂದ ಬರುತ್ತಿದ್ದ ಹಿರಿಯರೊಬ್ಬರು ತರಗತಿ ಮುಗಿದ ಮೇಲೆ ಗೋಡೆ ಹಿಡಿದು ಎದ್ದು ನಿಂತದ್ದನ್ನು ಕಂಡೆ. ಅವರು ಒಂದು ಮಾತೂ ಆಡಲಿಲ್ಲ, ಮರುದಿನದಿಂದ ಬರಲೂ ಇಲ್ಲ. ಅಂದಿನಿಂದ ನಾನು ಯಾರ ಬೆನ್ನನ್ನೂ ಒತ್ತಿಲ್ಲ. ನೀವು ತರಗತಿ ಬಿಟ್ಟದ್ದನ್ನು ನಿಮ್ಮ ಸೋಲೆಂದು ತಿಳಿದಿರುವಂತೆ ಪತ್ರದಲ್ಲಿ ಕಾಣುತ್ತದೆ. ಅದು ಸೋಲಲ್ಲ, ನಿಮ್ಮ ಮೈ ಹೇಳಿದ್ದನ್ನು ನೀವು ಕೇಳಿದಿರಿ, ಅಷ್ಟೇ. ಪತಂಜಲಿಯ ಯೋಗಸೂತ್ರಗಳಲ್ಲಿ ಆಸನದ ಲಕ್ಷಣವನ್ನು ಹೇಳುವುದು ಎರಡನೆಯ ಪಾದದ 46ನೆಯ ಸೂತ್ರ: ಸ್ಥಿರಸುಖಮಾಸನಮ್. ಅಲುಗದೆ ಇರುವುದು, ಸುಖವಾಗಿ ಇರುವುದು, ಎರಡೂ ಇದ್ದರೆ ಆಸನ. ಮರುಸೂತ್ರವೇ ಪ್ರಯತ್ನವನ್ನು ಸಡಿಲಿಸುವ ಮಾತನ್ನು ಆಡುತ್ತದೆ. ತಲೆ ಮೊಣಕಾಲಿಗೆ ತಾಗಬೇಕೆಂಬ ಮಾತು ಅಲ್ಲಿ ಎಲ್ಲಿಯೂ ಇಲ್ಲ.

ಮೂವತ್ತು ಜನರನ್ನು ಒಂದೇ ಎಣಿಕೆಗೆ ಕುಣಿಸುವ ಪದ್ಧತಿ ಎಲ್ಲಿಂದ ಬಂತೆಂದು ತಿಳಿದರೆ ಮನಸ್ಸು ಸ್ವಲ್ಪ ಹಗುರಾದೀತು. ಚಿತ್ರದುರ್ಗದ ಕಡೆಯವರಾದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಉಸಿರಿನ ಎಣಿಕೆಗೆ ಆಸನದಿಂದ ಆಸನಕ್ಕೆ ಬಿರುಸಾಗಿ ಸಾಗುವ ಕ್ರಮವನ್ನು ಅವರು ಅಲ್ಲಿ ಕಲಿಸಿದ್ದು ಹೆಚ್ಚಾಗಿ ಹುಡುಗರಿಗೆ. ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರು ಆ ಬಿರುಸನ್ನು ಉಳಿಸಿಕೊಂಡು ಬೆಳೆಸಿದರು. ಇನ್ನೊಬ್ಬ ಶಿಷ್ಯರಾದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರು 1937ರಲ್ಲಿ ಪುಣೆಗೆ ಹೋಗಿ ನೆಲೆಸಿದರು, ಮುಂದೆ ಹಗ್ಗ, ಮರದ ತುಂಡು, ಕುರ್ಚಿ, ಕಂಬಳಿ, ಪಟ್ಟಿ ಇವುಗಳ ನೆರವಿನಿಂದ ಬಿಗಿ ಮೈಯವರೂ ಕಾಯಿಲೆಯವರೂ ಆಸನದಲ್ಲಿ ನಿಲ್ಲುವ ದಾರಿಯನ್ನು ತೋರಿಸಿಕೊಟ್ಟರು. ಒಂದೇ ಗುರುವಿನಿಂದ ಹೊರಟ ಎರಡು ದಾರಿಗಳಿವು. ಹದಿನೈದರ ಹುಡುಗನಿಗೆ ಒಗ್ಗಿದ ವೇಗವು, ದಿನವೆಲ್ಲ ಕಪ್ಪುಹಲಗೆಯ ಮುಂದೆ ನಿಂತು ದಣಿಯುವ 44ರ ಮೈಗೆ ಒಗ್ಗದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? 2015ರಿಂದ ಜೂನ್ 21ರ ಯೋಗ ದಿನದಂದು ಮೈದಾನದಲ್ಲಿ ಸಾವಿರ ಜನ ಒಟ್ಟಿಗೆ ಕೈ ಎತ್ತುವುದನ್ನು ನೋಡಲು ಚೆಂದ. ಆದರೆ ಅದು ಹಬ್ಬ, ಕಲಿಕೆಯಲ್ಲ.

ನೋವು ಮಾಯ್ದ ಮೇಲೆ ಹೀಗೆ ಮಾಡಿ. ಮನೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಅದರ ಅಂಚಿನ ಮೇಲೆ ಕುಳಿತುಕೊಳ್ಳಿ. ಪೃಷ್ಠ ನಾಲ್ಕು ಬೆರಳು ಮೇಲೇರಿದರೆ ಸೊಂಟ ಮುಂದಕ್ಕೆ ವಾಲುವುದು ತಾನಾಗಿ ಸುಲಭವಾಗುತ್ತದೆ, ಬೆನ್ನು ಬಿಲ್ಲಿನಂತೆ ಬಾಗುವುದು ತಪ್ಪುತ್ತದೆ. ಮೊಣಕಾಲುಗಳನ್ನು ಧಾರಾಳವಾಗಿ ಮಡಿಸಿ, ಅಂಗಾಲಿಗೆ ಹತ್ತಿಯ ಟವೆಲು ಹಾಕಿ ಎರಡೂ ತುದಿ ಹಿಡಿಯಿರಿ, ಹೊಟ್ಟೆ ತೊಡೆಯ ಕಡೆಗೆ ಬರಲಿ, ತಲೆಯ ಗೊಡವೆ ಬೇಡ. ಸೂರ್ಯನಮಸ್ಕಾರವನ್ನು ಮೊದಲ ಹದಿನೈದು ದಿನ ಮೂರಕ್ಕಿಂತ ಹೆಚ್ಚು ಮಾಡಬೇಡಿ. ಮಣಿಕಟ್ಟಿನ ನೋವಿಗೆ ಕಾರಣ, ಅಂಗೈಯ ಹಿಮ್ಮಡಿಯ ಮೇಲೆಯೇ ಇಡೀ ಭಾರ ಬೀಳುವುದು. ಬೆರಳುಗಳನ್ನು ಅಗಲಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ಬುಡದಿಂದ ನೆಲವನ್ನು ಒತ್ತಿ, ಮೈಯನ್ನು ಕೆಳಗಿಳಿಸುವಾಗ ಮೊದಲು ಮೊಣಕಾಲನ್ನು ಊರಿ. ಬೇರೆ ತರಗತಿಗೆ ಸೇರುವುದಾದರೆ ಮೊದಲ ದಿನ, ಚಾಪೆ ಹಾಸುವ ಮೊದಲೇ, ಹಳೆಯ ನೋವನ್ನು ಹೇಳಿ, ಮೈ ಮುಟ್ಟಿ ಒತ್ತಬಾರದೆಂದು ಕೇಳಿಕೊಳ್ಳಿ. ಒಳ್ಳೆಯ ಗುರುವಿಗೆ ಈ ಮಾತು ನೆರವಾಗುತ್ತದೆ. ಅದನ್ನು ಕೇಳಿ ಮುಖ ಸಿಂಡರಿಸುವವರ ತರಗತಿಯಲ್ಲಿ ನೀವು ಇರಬೇಕಾಗಿಲ್ಲ.

ಈಗ ಹೂಪು. ಅದು ಬೀಳುತ್ತಿರುವುದಕ್ಕೆ ನಿಮಗಿಂತ ಹೆಚ್ಚಾಗಿ ಮಗಳ ಹೂಪೇ ಕಾರಣ. ಜಾತ್ರೆಯ ಅಂಗಡಿಗಳಲ್ಲಿ ಸಿಗುವ ಮಕ್ಕಳ ರಿಂಗು ಚಿಕ್ಕದು, ಹಗುರವಾದದ್ದು, ಅದು ಬಹಳ ವೇಗವಾಗಿ ಸುತ್ತಿದರೆ ಮಾತ್ರ ನಿಲ್ಲುತ್ತದೆ, ಅಷ್ಟು ವೇಗಕ್ಕೆ ಹೊಸಬರ ಸೊಂಟ ಉತ್ತರ ಕೊಡಲಾರದು. ನೆಲದ ಮೇಲೆ ನಿಲ್ಲಿಸಿದರೆ ಹೊಕ್ಕುಳು ದಾಟಿ ಎದೆಯ ಕೆಳಗಿನವರೆಗೆ ಬರುವ, ಸುಮಾರು 40 ಇಂಚು ಅಡ್ಡಗಲದ, ಅರ್ಧ ಕಿಲೋಗಿಂತ ತುಸು ಹೆಚ್ಚು ತೂಕದ ಹೂಪು ನಿಮಗೆ ಬೇಕು. ಅದು ನಿಧಾನವಾಗಿ ಸುತ್ತುತ್ತದೆ, ನಿಮಗೆ ಯೋಚಿಸಲು ಸಮಯ ಕೊಡುತ್ತದೆ.

ಎರಡನೆಯ ತಪ್ಪು ಬಹುಶಃ ಸೊಂಟದ ಚಲನೆಯದು. ನನ್ನ ಬಳಿ ಬರುವ ಹತ್ತು ಹೆಣ್ಣುಮಕ್ಕಳಲ್ಲಿ ಒಂಬತ್ತು ಮಂದಿ ಬೀಸುಕಲ್ಲಿನ ಗೂಟ ಹಿಡಿದವರಂತೆ ಸೊಂಟವನ್ನು ಗುಂಡಗೆ ತಿರುಗಿಸುತ್ತಾರೆ. ಹೂಪಿಗೆ ಬೇಕಾದದ್ದು ಬೀಸುವ ಚಲನೆಯಲ್ಲ, ರೊಟ್ಟಿ ಬಡಿಯುವ ಚಲನೆ. ಜೋಳದ ರೊಟ್ಟಿ ಬಡಿಯುವಾಗ ಕೈ ಸುತ್ತುವುದಿಲ್ಲ, ಮೇಲೆ ಕೆಳಗೆ ಆಡುತ್ತದೆ, ಪ್ರತಿ ಪೆಟ್ಟಿಗೂ ಸ್ವಲ್ಪ ಓರೆಯಾಗಿ ತಳ್ಳುತ್ತದೆ, ರೊಟ್ಟಿ ಹಲಗೆಯ ಮೇಲೆ ತಾನೇ ತಿರುಗುತ್ತದೆ. ಹೂಪೂ ಹಾಗೆಯೇ. ಒಂದು ಕಾಲನ್ನು ಮುಂದಿಡಿ, ಮೊಣಕಾಲುಗಳು ತುಸು ಸಡಿಲವಿರಲಿ, ಹೂಪಿನ ಒಳಬದಿಯನ್ನು ಬೆನ್ನಿಗೆ ಒತ್ತಿ ಹಿಡಿದು ನೆಲಕ್ಕೆ ಸಮನಾಗಿ ಜೋರಾಗಿ ಬೀಸಿ ಬಿಡಿ. ಆಮೇಲೆ ಭಾರವನ್ನು ಮುಂದಿನ ಕಾಲಿಗೆ, ಹಿಂದಿನ ಕಾಲಿಗೆ, ಮುಂದಕ್ಕೆ, ಹಿಂದಕ್ಕೆ ಸಾಗಿಸಿ. ಹೂಪು ಹೊಟ್ಟೆಗೆ ತಾಗಿದ ಗಳಿಗೆಯಲ್ಲಿ ಹೊಟ್ಟೆ ಅದನ್ನು ತಳ್ಳಬೇಕು, ಅಷ್ಟೇ. ಅದು ಕೆಳಗೆ ಇಳಿಯತೊಡಗಿದರೆ ಮೊಣಕಾಲು ಮಡಿಸಿ ವೇಗ ಹೆಚ್ಚಿಸಿ.

ನನಗೆ ಇದು ಹತ್ತಲು ಒಂಬತ್ತು ಸಂಜೆಗಳು ಬೇಕಾದವು. ಬೆಳಗಾವಿಯ ಆಷಾಢದ ಮಳೆಗೆ ಮಾಳಿಗೆಯ ಮೇಲೆ ಹೋಗುವಂತಿರಲಿಲ್ಲ, ನಡುಮನೆಯ ಫರಸಿಯ ಮೇಲೆ ಹೂಪು ಬಿದ್ದ ಪ್ರತಿ ಸಲವೂ ಕೆಳಗಿನ ಮನೆಯವರಿಗೆ ತಟ್ಟೆ ಬಿದ್ದಂತೆ ಕೇಳುತ್ತಿತ್ತು, ಹಾಗಾಗಿ ನೆಲಕ್ಕೆ ಜಮಖಾನೆ ಹಾಸಿಕೊಂಡೆ. ಸೊಂಟದ ಎಲುಬುಗಳ ಮೇಲೆ ರೂಪಾಯಿಯಗಲದ ನೀಲಿ ಕಲೆಗಳು ಎದ್ದವು. ಒಂಬತ್ತನೆಯ ಸಂಜೆ ಬಿಟ್ಟ ಹೂಪು ಬೀಳಲಿಲ್ಲ. ಬೆನ್ನು, ಎಡ ಪಕ್ಕೆ, ಹೊಟ್ಟೆ, ಬಲ ಪಕ್ಕೆ, ಮತ್ತೆ ಬೆನ್ನು. ಅದು ಎಲ್ಲೆಲ್ಲಿ ತಾಗುತ್ತದೆ ಎಂಬುದು ಮೊದಲ ಬಾರಿಗೆ ಬಿಡಿಬಿಡಿಯಾಗಿ ತಿಳಿಯಿತು. ಹನ್ನೊಂದು ಸುತ್ತು. ತಾಡಾಸನದಲ್ಲಿ ನಿಂತು ವರ್ಷಗಟ್ಟಲೆ ‘ಬೆನ್ನಿನ ಕೆಳಭಾಗವನ್ನು ಗಮನಿಸಿ’ ಎಂದು ಪರರಿಗೆ ಹೇಳಿದವಳಿಗೆ, ಆ ಬೆನ್ನಿನ ಕೆಳಭಾಗ ಎಲ್ಲಿದೆಯೆಂದು ಒಂದು ಪೈಪಿನ ಬಳೆ ಮುಟ್ಟಿ ತೋರಿಸಿತ್ತು.

ಸೊಂಟ ದಪ್ಪವೆಂಬ ನಿಮ್ಮ ಚಿಂತೆಗೂ ಉತ್ತರವಿದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗಣಿತಜ್ಞರು ಈಚೆಗೆ ಬೇರೆ ಬೇರೆ ಆಕಾರದ ಪುಟ್ಟ ಯಂತ್ರಗಳಿಗೆ ಹೂಪು ತೊಡಿಸಿ ಪರೀಕ್ಷಿಸಿದರು. ನೆಟ್ಟಗಿನ ಉರುಳೆಯ ಮೇಲೂ ಹೂಪು ಸುತ್ತಿತು, ಆದರೆ ಜಾರಿತು. ಕೆಳಗೆ ಇಳಿಜಾರಾದ ಪೃಷ್ಠವೂ ನಡುವೆ ಒಳಬಾಗಿದ ಸೊಂಟವೂ ಇದ್ದ ಆಕಾರದ ಮೇಲೆ ಮಾತ್ರ ಅದು ಮೇಲೆಯೇ ನಿಂತಿತು. ಆಕಾರದಿಂದ ಕೆಲವರಿಗೆ ಇದು ಸುಲಭ, ಕೆಲವರು ಹೆಚ್ಚು ತಳ್ಳಬೇಕಾಗುತ್ತದೆ ಎಂಬುದನ್ನು ನಾನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಆ ಯಂತ್ರಕ್ಕೆ ಮೊಣಕಾಲು ಮಡಿಸಲು ಬರುವುದಿಲ್ಲ, ಹೂಪು ಜಾರುತ್ತಿದೆಯೆಂದು ತಿಳಿದು ವೇಗ ಹೆಚ್ಚಿಸಲು ಬರುವುದಿಲ್ಲ. ನಿಮಗೆ ಬರುತ್ತದೆ. ನಿಮಗಿಂತ ದಪ್ಪನೆಯ ಸೊಂಟದವರು ನಮ್ಮ ಗುಂಪಿನಲ್ಲಿ ಹಾಡು ಮುಗಿಯುವವರೆಗೆ ಬೀಳಿಸದೆ ಸುತ್ತುವುದನ್ನು ನಾನು ವಾರಕ್ಕೆರಡು ಸಲ ನೋಡುತ್ತೇನೆ. ಕಾಲಿನ ನೋವು ಇಳಿದ ಮೇಲೆ ದಿನಕ್ಕೆ ಹತ್ತು ನಿಮಿಷದಿಂದ ತೊಡಗಿ, ಐದು ನಿಮಿಷ ಬಲಕ್ಕೆ ಸುತ್ತಿದರೆ ಐದು ನಿಮಿಷ ಎಡಕ್ಕೆ ಸುತ್ತಿ. ಎಡಕ್ಕೆ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ, ಆದರೂ ಬಿಡಬೇಡಿ, ಒಂದೇ ಕಡೆಯ ತಿರುವು ಬೆನ್ನಿಗೆ ಒಳ್ಳೆಯದಲ್ಲ.

ಪ್ರಶ್ನೆ: ನಾನು ಎಂ.ಎ. ವಿದ್ಯಾರ್ಥಿನಿ. ಹಾಸ್ಟೆಲಿನಲ್ಲಿ ಹೂಪನ್ನು ಸೊಂಟದಲ್ಲಿ ಹತ್ತು ನಿಮಿಷ ನಿಲ್ಲಿಸಬಲ್ಲೆ, ಆದರೆ ಅದು ಕುಣಿತವಾಗುತ್ತಿಲ್ಲ, ನಿಂತಲ್ಲೇ ಗಾಣದಂತೆ ಸುತ್ತುತ್ತದೆ. ಮುಂದಿನ ಹೆಜ್ಜೆ ಏನು? ಇದು ಹವಾಯಿ ದ್ವೀಪದ ಕುಣಿತ ಎಂದು ಗೆಳತಿ ಹೇಳುತ್ತಾಳೆ, ನಿಜವೇ? ಯೋಗ ಮಾಡುವವರು ಕುಣಿಯಬಾರದು ಎಂದೂ ಒಬ್ಬರು ಹೇಳಿದರು.
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಹವಾಯಿಯ ಹೂಲಾ ಕುಣಿತದಲ್ಲಿ ಬಳೆಯೇ ಇಲ್ಲ. ಸೊಂಟದ ಆಟ ಹೋಲುತ್ತದೆಂದು ಹೆಸರು ಮಾತ್ರ ಅಲ್ಲಿಂದ ಬಂತು. ಆಸ್ಟ್ರೇಲಿಯಾದ ಮಕ್ಕಳು ಬಿದಿರಿನ ಬಳೆಗಳನ್ನು ಸೊಂಟಕ್ಕೆ ಹಾಕಿ ತಿರುಗಿಸುವ ಸುದ್ದಿ ಕೇಳಿ, ಅಮೆರಿಕದ ವ್ಯಾಮ್-ಓ ಕಂಪನಿಯ ರಿಚರ್ಡ್ ನೆರ್ ಮತ್ತು ಆರ್ಥರ್ ಮೆಲಿನ್ 1958ರಲ್ಲಿ ಪ್ಲಾಸ್ಟಿಕ್ ಹೂಪನ್ನು ಮಾರುಕಟ್ಟೆಗೆ ತಂದರು, ಕೆಲವೇ ತಿಂಗಳಲ್ಲಿ ಸುಮಾರು 2.5 ಕೋಟಿ ಹೂಪುಗಳು ಮಾರಾಟವಾದವು. ಆ ಹುಚ್ಚು ಬೇಗನೆ ಇಳಿದು ಅದು ಮಕ್ಕಳ ಆಟಿಕೆಯಾಗಿ ಉಳಿಯಿತು. ದೊಡ್ಡವರು ತಮ್ಮ ಅಳತೆಗೆ ದೊಡ್ಡ, ಭಾರದ ಹೂಪುಗಳನ್ನು ಕೈಯಾರೆ ಮಾಡಿಕೊಂಡು ಸಂಗೀತ ಕೂಟಗಳಲ್ಲಿ ಕುಣಿಯತೊಡಗಿದ್ದು 1990ರ ದಶಕದಲ್ಲಿ. ಈಗಿನ ಹೂಪ್ ಕುಣಿತ ಬೆಳೆದದ್ದು ಅಲ್ಲಿಂದ. ಅಮೆರಿಕದ ಮೂಲನಿವಾಸಿಗಳಿಗೂ ಒಂದು ಬಳೆ ಕುಣಿತವಿದೆ, ಅದು ಬೇರೆಯದೇ ಪರಂಪರೆ. ಅಲ್ಲಿ ಕುಣಿಯುವವರು ಹಲವು ಸಣ್ಣ ಬಳೆಗಳನ್ನು ಒಂದಕ್ಕೊಂದು ಹೆಣೆದು ಹದ್ದು, ಚಿಟ್ಟೆಗಳ ಆಕಾರ ಕಟ್ಟುತ್ತಾರೆ, 1991ರಿಂದ ಫೀನಿಕ್ಸ್ ನಗರದ ಹರ್ಡ್ ಮ್ಯೂಸಿಯಮ್ಮಿನಲ್ಲಿ ಅದರ ವಿಶ್ವಮಟ್ಟದ ಸ್ಪರ್ಧೆ ನಡೆಯುತ್ತದೆ. ನಾವು ಮಾಡುವುದನ್ನು ಆ ಹೆಸರಿನಿಂದ ಕರೆಯದಿರುವುದು ಅವರಿಗೆ ಸಲ್ಲಬೇಕಾದ ಗೌರವ.

ಗಾಣದಂತಿದೆ ಎಂಬ ನಿಮ್ಮ ಮಾತು ಸರಿಯಾದ ಜಾಗಕ್ಕೆ ಬೆರಳಿಟ್ಟಿದೆ. ಹೂಪು ಸುತ್ತುವ ದಿಕ್ಕಿಗೇ ನೀವೂ ಸಣ್ಣ ಹೆಜ್ಜೆಗಳಲ್ಲಿ ತಿರುಗಿ ನೋಡಿ. ಕೂಡಲೇ ಹೂಪು ನಿಮಗೆ ನಿಧಾನವಾದಂತೆ ಕಾಣುತ್ತದೆ, ಕೈಗಳಿಗೆ ಬಿಡುವು ಸಿಗುತ್ತದೆ. ಆಮೇಲೆ ಮುಂದಕ್ಕೆ ನಾಲ್ಕು ಹೆಜ್ಜೆ, ಹಿಂದಕ್ಕೆ ನಾಲ್ಕು ಹೆಜ್ಜೆ. ಇದರ ಜೊತೆಗೆ, ಸೊಂಟವನ್ನು ಬಿಟ್ಟು, ಹೂಪನ್ನು ಕೈಯಲ್ಲಿ ತಿರುಗಿಸುವುದನ್ನು ಕಲಿಯಿರಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ತೊಗಲಿನ ಮೇಲೆ ಅದು ಸುತ್ತಬೇಕು, ಮುಷ್ಟಿ ಕಟ್ಟಿದರೆ ನಿಲ್ಲುತ್ತದೆ. ಕೈಯ ಸುತ್ತನ್ನು ತಲೆಯ ಮೇಲಕ್ಕೆ ಒಯ್ಯುವುದು, ಅಲ್ಲಿಂದ ಮೈಯ ಮೇಲೆ ಸೊಂಟದವರೆಗೆ ಇಳಿಸುವುದು, ಸೊಂಟದಿಂದ ಮತ್ತೆ ಕೈಗೆ ಎತ್ತಿಕೊಳ್ಳುವುದು: ಈ ಮೂರನ್ನು ಕೂಡಿಸಿದ ದಿನ ಅದು ಕುಣಿತವಾಗುತ್ತದೆ. ಫೋನಿನಲ್ಲಿ ನೋಡಿದ ನೂರು ಚಮತ್ಕಾರಗಳಿಗಿಂತ, ಈ ಮೂರೂ ಒಂದರೊಳಗೊಂದು ಸೇರುವ ಜಾಗಕ್ಕೆ ಹೆಚ್ಚು ಸಮಯ ಕೊಡಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಹಾಡಿನ ಆಯ್ಕೆಯಲ್ಲಿ ಅವಸರ ಬೇಡ. ದೊಡ್ಡ ಹೂಪಿಗೆ ಅಬ್ಬರದ ಹಾಡು ಹೊಂದುವುದಿಲ್ಲ. ನಮ್ಮ ಕಡೆ ಗುಡಿಯಲ್ಲಿ ರಾತ್ರಿ ದಪ್ಪು, ತಾಳ ಹಿಡಿದು ಹಾಡುವ ಭಜನಾಪದದ ನಡೆ ಮೊದಲು ನಿಧಾನ, ಆಮೇಲೆ ಏರುತ್ತ ಹೋಗುತ್ತದಲ್ಲ, ಆ ಏರಿಕೆಗೆ ಹೂಪನ್ನು ಹೊಂದಿಸಿ ನೋಡಿ. ನಾನು ಅದರಲ್ಲೇ ಕಲಿತೆ.

ಯೋಗಕ್ಕೂ ಕುಣಿತಕ್ಕೂ ಹಗೆತನವಿಲ್ಲ. ಕುಣಿಯುವ ಶಿವನೇ ಯೋಗಿಗಳಿಗೆ ಗುರು ಎಂದು ನಂಬಿದ ನಾಡು ನಮ್ಮದು, ನಿಮ್ಮೂರಿನಿಂದ ಬಸ್ಸಿನಲ್ಲಿ ಕೆಲವೇ ಗಂಟೆಗಳ ದೂರದ ಬಾದಾಮಿಯ ಮೊದಲನೆಯ ಗುಹೆಯ ಹೊರಗೆ ಹದಿನೆಂಟು ಕೈಗಳ ನಟರಾಜನೇ ನಿಂತಿದ್ದಾನೆ. ಹೂಪಿನ ಮೊದಲು ಎರಡೆರಡು ನಿಮಿಷ ತಾಡಾಸನ, ವೃಕ್ಷಾಸನಗಳಲ್ಲಿ ನಿಲ್ಲಿ, ಒಂಟಿ ಕಾಲಿನ ಸ್ಥಿರತೆ ಹೆಜ್ಜೆಗೆ ಬರುತ್ತದೆ. ಮುಗಿದ ಮೇಲೆ ಅಂಗಾತ ಮಲಗಿ, ಮೊಣಕಾಲುಗಳನ್ನು ಮಡಿಸಿ ಎಡಕ್ಕೆ, ಬಲಕ್ಕೆ ಮೆಲ್ಲಗೆ ಇಳಿಬಿಡಿ, ಕೊನೆಗೆ ಐದು ನಿಮಿಷ ಶವಾಸನ. ಕಷ್ಟದ ಸುತ್ತು ಬಂದಾಗ ಉಸಿರು ಬಿಗಿ ಹಿಡಿಯುವ ಅಭ್ಯಾಸವನ್ನು ಬಿಡಿಸುವುದೇ ಯೋಗದಿಂದ ಹೂಪಿಗೆ ಸಿಗುವ ದೊಡ್ಡ ಲಾಭ.

ಪ್ರಶ್ನೆ: ನನಗೆ ಐವತ್ತೊಂದು. ಸಂಜೆ ಮಾಳಿಗೆಯ ಮೇಲೆ ಹೂಪು ಸುತ್ತಿದರೆ ಅತ್ತೆಯವರು “ಯವ್ವಾ, ಮೊಮ್ಮಕ್ಕಳ ಆಡೂ ವಯಸ್ಸಿನ್ಯಾಗ ಇದೇನ ಹಚ್ಚೀದಿ” ಎನ್ನುತ್ತಾರೆ. ಬಾಜೂ ಮನೆಯವರೂ ನೋಡುತ್ತಾರೆ. ಸೀರೆ ಉಟ್ಟು ಮಾಡಬಹುದೇ? ಹೊಟ್ಟೆ ಕರಗುತ್ತದೆಯೇ?
– ಗೃಹಿಣಿ, ಶಹಾಪುರ, ಬೆಳಗಾವಿ

ಉತ್ತರ: ಸೀರೆಯ ಸೆರಗು, ನೆರಿಗೆಗಳು ಹೂಪನ್ನು ಹಿಡಿದು ನಿಲ್ಲಿಸುತ್ತವೆ, ರೇಷ್ಮೆಯಾದರೆ ಜಾರಿಸುತ್ತದೆ. ಮೈಗೆ ಹತ್ತುವ ಹತ್ತಿಯ ಚೂಡಿದಾರ ಉತ್ತಮ. ಸೀರೆಯೇ ಬೇಕೆಂದರೆ ನಮ್ಮ ಹಿರಿಯರು ಹೊಲದಲ್ಲಿ ಕಚ್ಚೆ ಹಾಕಿ ಉಡುತ್ತಿದ್ದಂತೆ ಉಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದುಕೊಳ್ಳಿ. ಹಾಗೆ ಉಟ್ಟು ಮಾಡಿದವರನ್ನು ನಾನು ಕಂಡಿದ್ದೇನೆ, ಏನೂ ತೊಂದರೆಯಾಗಲಿಲ್ಲ.

ಅತ್ತೆಯವರ ಮಾತಿಗೆ ಎದುರುತ್ತರ ಕೊಡಬೇಡಿ, ಮುಚ್ಚಿಕೊಂಡೂ ಮಾಡಬೇಡಿ. ಅವರ ತಲೆಮಾರಿನ ಹೆಂಗಸರ ಮೈ ಬೀಸುವುದರಲ್ಲಿ, ಕುಟ್ಟುವುದರಲ್ಲಿ, ನೀರು ಸೇದುವುದರಲ್ಲಿ ಸವೆದಿದೆ. ಕೆಲಸವಲ್ಲದ ಚಲನೆಯೊಂದು ಹೆಣ್ಣಿಗೆ ಇರಬಹುದೆಂದು ಅವರಿಗೆ ಯಾರೂ ಹೇಳಲಿಲ್ಲ. ಗೌರಿಹುಣ್ಣಿಮೆಗೆ ಕೋಲಾಟ ಆಡಿದ ನೆನಪು ಅವರಿಗಿದೆಯೇ ಎಂದು ಒಂದು ಸಂಜೆ ಕೇಳಿ ನೋಡಿ. ನನ್ನ ತಾಯಿಯನ್ನು ಹಾಗೆ ಕೇಳಿದಾಗ ಅವರು ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಹಾಕಿ ತೋರಿಸಿದರು, ಅಂದಿನಿಂದ ನನ್ನ ಹೂಪಿನ ಬಗ್ಗೆ ಅವರಿಂದ ಒಂದು ಮಾತೂ ಬರಲಿಲ್ಲ. ಬಾಜೂ ಮನೆಯವರು ಒಂದು ವಾರ ನೋಡುತ್ತಾರೆ, ಎರಡನೆಯ ವಾರ ತಮಗೂ ಒಂದು ಕೊಡಿಸಲು ಕೇಳುತ್ತಾರೆ.

ಹೊಟ್ಟೆಯೊಂದನ್ನೇ ಕರಗಿಸುವ ವ್ಯಾಯಾಮ ಯಾವುದೂ ಇಲ್ಲ. ಕೊಬ್ಬು ಕರಗುವುದಾದರೆ ಇಡೀ ಮೈಯಿಂದ ಕರಗುತ್ತದೆ. ಅಮೆರಿಕದ ವ್ಯಾಯಾಮ ಮಂಡಳಿಯೊಂದು ನಡೆಸಿದ ಪರೀಕ್ಷೆಯಲ್ಲಿ ಹೂಪಿಂಗ್ ಚೆನ್ನಾಗಿ ಬಲ್ಲ ಮಹಿಳೆಯರು 30 ನಿಮಿಷಕ್ಕೆ ಸರಾಸರಿ 210 ಕ್ಯಾಲೊರಿಯಷ್ಟು ಖರ್ಚು ಮಾಡಿದರು. ಬಿರುಸಿನ ನಡಿಗೆಯೊಂದಿಗೆ ಹೋಲಿಸಿದರೆ ಇದು ಕಡಿಮೆಯೇನಲ್ಲ, ಆದರೆ ಹೊಸಬರ ಮೊದಲ ತಿಂಗಳ ಅರ್ಧ ಸಮಯ ಹೂಪನ್ನು ನೆಲದಿಂದ ಎತ್ತುವುದರಲ್ಲಿಯೇ ಹೋಗುವುದರಿಂದ ಆ ಲೆಕ್ಕವನ್ನು ಈಗಲೇ ಹಾಕಬೇಡಿ. ಹೊಟ್ಟೆಯ ಪಟ್ಟಿಗೆ ಗುಂಡೊಂದನ್ನು ನೇತುಹಾಕಿ ತಿರುಗಿಸುವ ಸಾಧನಗಳ ಜಾಹೀರಾತು ಈಗ ಹೆಚ್ಚಾಗಿದೆ. ಆ ಪಟ್ಟಿ ಸೊಂಟಕ್ಕೆ ಕಟ್ಟಿಕೊಂಡೇ ಇರುವುದರಿಂದ ಬೀಳುವುದಿಲ್ಲ, ಬೀಳದಿರುವುದರಿಂದ ಅದು ಏನನ್ನೂ ಕಲಿಸುವುದಿಲ್ಲ.

ಪ್ರಶ್ನೆ: ವಯಸ್ಸು 58. ರಕ್ತದೊತ್ತಡ, ಸಕ್ಕರೆ ಕಾಯಿಲೆ ಎರಡೂ ಇವೆ. ಬೆನ್ನಿನ ಡಿಸ್ಕ್ ಸರಿದಿದೆ ಎಂದು ಎರಡು ವರ್ಷದ ಹಿಂದೆ ಹೇಳಿದ್ದರು. ಯೋಗ, ಹೂಪು ಎರಡನ್ನೂ ತೊಡಗಬಹುದೇ?
– ನಿವೃತ್ತ ನೌಕರರು, ಜಮಖಂಡಿ

ಉತ್ತರ: ವೈದ್ಯರನ್ನು ಕೇಳದೆ ಎರಡನ್ನೂ ಬೇಡ. ಅವರು ಒಪ್ಪಿದರೂ ರಕ್ತದೊತ್ತಡ ಹತೋಟಿಗೆ ಬರುವವರೆಗೆ ಶೀರ್ಷಾಸನ, ಸರ್ವಾಂಗಾಸನ, ಉಸಿರನ್ನು ಒಳಗೆ ತಡೆಹಿಡಿಯುವ ಪ್ರಾಣಾಯಾಮ ಇವುಗಳನ್ನು ಬಿಡಬೇಕು. ಡಿಸ್ಕಿನ ತೊಂದರೆಯವರು ಕಾಲಿಗೆ ಕೈ ತಾಗಿಸುವ ಮುಂಬಾಗುವಿಕೆಗಳನ್ನು ಮಾಡಬಾರದು, ಹೂಪಿನ ತಿರುವು ಪೆಟ್ಟುಗಳೂ ನಿಮಗೆ ಸಲ್ಲವು. ಸಕ್ಕರೆಯ ಮಾತ್ರೆ ತೆಗೆದುಕೊಂಡು ಬರಿಹೊಟ್ಟೆಯಲ್ಲಿ ಬಹಳ ಹೊತ್ತು ಅಭ್ಯಾಸ ಮಾಡಿದರೆ ಸಕ್ಕರೆ ಇಳಿದು ತಲೆ ಸುತ್ತಬಹುದು, ಕಿಸೆಯಲ್ಲಿ ಬೆಲ್ಲದ ತುಣುಕು ಇರಲಿ. ಗೋಡೆಗೆ ಬೆನ್ನು ಕೊಟ್ಟು ತಾಡಾಸನ, ಕುರ್ಚಿಯಲ್ಲಿ ಕುಳಿತು ದೀರ್ಘವಾದ ಸಹಜ ಉಸಿರಾಟ, ಸಂಜೆಯ ನಡಿಗೆ, ಸದ್ಯಕ್ಕೆ ಇಷ್ಟು ಸಾಕು.

ಪ್ರಶ್ನೆ: ನನ್ನ ಹೆಂಡತಿ ಯೋಗದ ತರಗತಿಯ ಗೆಳತಿಯರೊಂದಿಗೆ ಹೂಪು ಕಲಿಯುತ್ತಿದ್ದಾಳೆ. ಮಾರುಕಟ್ಟೆಯ ತುಂಡು ಜೋಡಿಸುವ ಪ್ಲಾಸ್ಟಿಕ್ ರಿಂಗುಗಳು ಎರಡು ವಾರಕ್ಕೇ ಕಳಚಿಕೊಂಡವು. ನಮ್ಮ ಹೊಲದ ಡ್ರಿಪ್ ಪೈಪಿನಿಂದ ನಾನೇ ಮಾಡಿಕೊಡಬಹುದೇ?
– ರೈತರು, ಮುಧೋಳ ತಾಲೂಕು

ಉತ್ತರ: ಖಂಡಿತ ಮಾಡಬಹುದು, ಆದರೆ ಕಬ್ಬಿನ ಸಾಲಿಗೆ ಹಾಸುವ 16 ಮಿಲಿಮೀಟರಿನ ಡ್ರಿಪ್ ಪೈಪು ಬಹಳ ಮೆತ್ತಗೆ, ಸುತ್ತಿನಲ್ಲಿ ಮೊಟ್ಟೆಯಾಕಾರಕ್ಕೆ ಬರುತ್ತದೆ. ನಳದ ನೀರಿನ ಜೋಡಣೆಗೆ ಬಳಸುವ, ಸುರುಳಿಯಲ್ಲಿ ಬರುವ ಕಪ್ಪು ಎಚ್‌ಡಿಪಿಇ ಪೈಪು ತೆಗೆದುಕೊಳ್ಳಿ, ಹೊರಗಲ 25 ಮಿಲಿಮೀಟರ್ ಇರಲಿ. ಮನೆಯ ಗೋಡೆಗೆ ಹಾಕುವ ನೆಟ್ಟಗಿನ ಬಿಳಿ ಪಿವಿಸಿ ಪೈಪು ಬೇಡ, ಬಗ್ಗಿಸಿದರೆ ಸೀಳುತ್ತದೆ, ಚೂರು ಕಣ್ಣಿಗೆ ಹಾರಬಹುದು.

ನಿಮ್ಮ ಹೆಂಡತಿಯ ಹೊಕ್ಕುಳಿನಿಂದ ನಾಲ್ಕು ಬೆರಳು ಮೇಲಿನವರೆಗಿನ ಎತ್ತರವನ್ನು ನೆಲದಿಂದ ಅಳೆಯಿರಿ, ಅದೇ ಹೂಪಿನ ಅಡ್ಡಗಲ. ಅದನ್ನು 3.14ರಿಂದ ಗುಣಿಸಿದರೆ ಪೈಪಿನ ಉದ್ದ ಸಿಗುತ್ತದೆ. 40 ಇಂಚಿನ ಹೂಪಿಗೆ ಸುಮಾರು 126 ಇಂಚು, ಎಂದರೆ ಹತ್ತೂವರೆ ಅಡಿ. ಗರಗಸದಿಂದ ನೆಟ್ಟಗೆ ಕೊಯ್ದು ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ. ಪೈಪಿನ ಒಳಗೆ ಕೂರುವ, ಹಲ್ಲುಹಲ್ಲಾದ ಜಾಯಿಂಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹೊರಗೆ ಕೂರುವ ಕಪ್ಲಿಂಗ್ ಹಾಕಿದರೆ ಆ ಗಂಟು ಪ್ರತಿ ಸುತ್ತಿಗೂ ಪಕ್ಕೆಗೆ ಬಡಿಯುತ್ತದೆ. ಪೈಪಿನ ಒಂದು ತುದಿಯನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ಅದ್ದಿ, ಮೆತ್ತಗಾದ ಕೂಡಲೇ ಕೈಗೆ ಬಟ್ಟೆ ಸುತ್ತಿಕೊಂಡು ಜಾಯಿಂಟರನ್ನು ಅರ್ಧದವರೆಗೆ ತಳ್ಳಿ. ಇನ್ನೊಂದು ತುದಿಗೂ ಹಾಗೆಯೇ. ಎರಡು ತುದಿಗಳ ನಡುವೆ ಉಗುರು ಹೋಗುವಷ್ಟೂ ಸಂದು ಉಳಿಯಬಾರದು. ಆರಿದಂತೆ ಪೈಪು ಬಿಗಿದುಕೊಳ್ಳುತ್ತದೆ, ಒಂದು ರಾತ್ರಿ ಹಾಗೆಯೇ ಬಿಡಿ.

ಬರಿಯ ಪೈಪು ನುಣುಪಾಗಿ ಜಾರುವುದರಿಂದ ಬಟ್ಟೆಯ ಟೇಪನ್ನು ಓರೆಯಾಗಿ, ಸುತ್ತಿನಿಂದ ಸುತ್ತಿಗೆ ಎರಡು ಬೆರಳು ಅಂತರ ಬಿಟ್ಟು, ಬಳೆಯುದ್ದಕ್ಕೂ ಸುತ್ತಿ. ಟೇಪನ್ನು ಹೆಂಡತಿಯೇ ಸುತ್ತಲಿ, ಬಣ್ಣ ಅವರ ಇಷ್ಟದ್ದಾಗಲಿ. ಕೊಡುವ ಮೊದಲು ಅಂಗಳದಲ್ಲಿ ಒಮ್ಮೆ ಉರುಳಿಸಿ ನೋಡಿ, ಚಿಕ್ಕಂದಿನಲ್ಲಿ ಸೈಕಲ್ಲಿನ ಗಾಲಿಯನ್ನು ಕೋಲಿನಿಂದ ಹೊಡೆದುಕೊಂಡು ಓಡುತ್ತಿದ್ದೆವಲ್ಲ, ಹಾಗೆ. ಜಾಯಿಂಟರ್ ಇರುವ ಜಾಗಕ್ಕೆ ಬಂದಾಗ ಅದು ಕುಪ್ಪಳಿಸಿದರೆ ತುದಿಗಳು ನೆಟ್ಟಗೆ ಕೂತಿಲ್ಲ ಎಂದರ್ಥ, ಬಿಸಿನೀರಿಗೆ ಮತ್ತೆ ಅದ್ದಿ ಸರಿಪಡಿಸಿ. ಕುಪ್ಪಳಿಸದೆ ಅಂಗಳದ ಕೊನೆಯವರೆಗೆ ಹೋದರೆ ಸೊಂಟದ ಮೇಲೂ ಸರಿಯಾಗಿ ಸುತ್ತುತ್ತದೆ. ಎರಡು ಮಾಡಿ, ಒಂದು ನಿಮಗೂ ಇರಲಿ.